ನಿದ್ದಿ ಮಾಡಾಕಂತ ಸಮುದ್ರಕ್ಕ ಹೋಗಿದ್ದು

ಸಮುದ್ರ ನೋಡೂ ಹುಚ್ಚು ನನಗೇನೂ ಇರಲಿಲ್ಲರಿ. ನಮ್ಮ ಮನಿಯವರು ಒಂದೆರಡು ದಿನ ಕಣ್ಣು ಮುಚ್ಚಿ ಮಲಗಲಿ, ನನಗ ಬೇಕಾದದ್ದು ಅಷ್ಟೇ. ಕೂಕಟ್‌ಪಲ್ಲಿ ಮನ್ಯಾಗ ಅದು ಆಗೂ ಮಾತಾಗಿರಲಿಲ್ಲ.

ಹೈದರಾಬಾದಿನಾಗ ಸಾಫ್ಟ್‌ವೇರ್ ಕಂಪನಿಗಳು ಒಂದರ ಬೆನ್ನಿಗೆ ಒಂದು ಏಳಾಕತ್ತಿದ್ದ ಕಾಲ ಅದು. ನಮ್ಮ ಮನಿಯವರು ಆ ಕಂಪನಿ ಹುಡುಗ ಹುಡಿಗ್ಯಾರನ್ನ ಆಫೀಸಿಗೆ ಮುಟ್ಟಿಸೂ ಗಾಡಿ ಡ್ರೈವರ್. ಅಮೆರಿಕಾದಾಗ ಹೊತ್ತು ಹುಟ್ಟಿದ್ರ ಇಲ್ಲಿ ಇವರ ಡ್ಯೂಟಿ ಚಾಲೂ. ಸಂಜಿಗೆ ಮನಿ ಮನಿ ಮುಂದ ಹಾರ್ನ್ ಹೊಡದು ಮಂದೀನ ತುಂಬಿಕೊಳ್ಳೂದು, ಬೆಳಕ ಹರಿಯೂ ಹೊತ್ತಿಗೆ ತಿರಗಾ ಮನಿ ಮನಿಗೆ ಇಳಿಸೂದು. ಹಗಲ ಮಲಗತೀನಿ ಅಂದ್ರ ಬಾಜೂಕ ಹೊಸಾ ಅಪಾರ್ಟ್‌ಮೆಂಟ್ ಕಟ್ಟಾಕತ್ತಿದ್ರು. ಮುಂಜಾನಿಂದ ಸಂಜೀತನಕ ಕಲ್ಲು ಕೊರಿಯೂ ಮಷೀನಿನ ಗರ್ರ್ ಗರ್ರ್. ಕಿವಿಗೆ ಅರಿವಿ ಕಟಗೊಂಡು ಬಿದ್ದಿರತಿದ್ರು, ಕಣ್ಣು ಮಾತ್ರ ತೆರದೇ ಇರತಿದ್ವು.

ಒಂದಿನ ಮುಂಜಾನೆ ರೊಟ್ಟಿ ಮುರಕೋತ ಹೇಳಿದ್ರು, "ಇವತ್ತ ಮೆಹದಿಪಟ್ಟಣಂ ದಾಟೂಮುಂದ ಒಂದು ಝೊಂಪು ಹತ್ತಿತ್ತು. ಹಿಂದ ಕುಂತಾಕಿ ಚೀರಿದ್ಲು. ಇಲ್ಲಂದ್ರ ಡಿವೈಡರಿಗೆ ಹೊಡೀತಿದ್ದೆ."

ಬದನಿಕಾಯಿ ತುಟ್ಟಿ ಆಗ್ಯಾವ ಅನ್ನೂ ದನಿಯಾಗ ಹೇಳಿದ್ರು ನೋಡ್ರಿ. "ರಾತ್ರಿ ಡ್ಯೂಟಿ ಬಿಟ್ಟುಬಿಡ್ರಿ," ಅಂದೆ.

ಆ ಕಡೆಯಿಂದ ನಮ್ಮ ಮಾವನ ದನಿ ಬಂತು. ಭೀಮಾ ನದಿ ದಂಡಿ ಮನಷಾ ಅವರು, ಬಲಿ ಬೀಸಿ ಮೀನ ಹಿಡದು ಮಕ್ಕಳನ್ನ ಬೆಳಸಿದವರು. "ಹಗಲ ಗಾಡಿ ಹೊಡಿಯೋರು ಗಲ್ಲಿಗೆ ಹತ್ತು ಮಂದಿ ಅದಾರ. ಸಿಕ್ಕ ಕೆಲಸ ಒದಿಬ್ಯಾಡ್ರಿ. ನಾವೂ ರಾತ್ರೆಲ್ಲಾ ಬಲಿ ಕಾದೀವಿ. ನಮಗೇನಾತು?"

ಮಾವನ ಮುಂದ ಎದುರು ಮಾತಾಡೂ ರೂಢಿ ನಮ್ಮ ಮನ್ಯಾಗ ಇಲ್ಲ. ನಾ ಹೋಗಿ ಪಾತ್ರಿ ಮ್ಯಾಲ ಸಿಟ್ಟು ತೀರಿಸಿಕೊಂಡೆ. ನಮ್ಮ ಮನಿಯವರು ಇಬ್ಬರನ್ನೂ ನೋಡಿ, "ಎರಡು ದಿನ ಎಲ್ಲೆರೆ ಹೋಗಿ ಚಂದಂಗ ಮಲಗಿ ಬಂದ್ರ ಎಲ್ಲಾ ನೆಟ್ಟಗ ಆಗತೈತಿ ತಗೋ," ಅಂದ್ರು. ಕಂಪನಿ ಹುಡುಗ ಒಬ್ಬಾಂವ ಹಳೇ ಟೆಂಟ್ ಒಂದು ಕೊಟ್ಟಿದ್ದ. ಮಾವಗ ಸಮುದ್ರದಾಗ ಗಾಳ ಹಾಕೂ ಆಸೆ. ನಮ್ಮತ್ತಿಗೆ ಎಲ್ಲಿ ಹೋದ್ರೂ ಅಡ್ಡಿಯಿಲ್ಲ, ಮಗಾ ಕಣ್ಣ ಮುಂದ ಇದ್ರ ಸಾಕು. ಬಾಪಟ್ಲಾಕ್ಕ ಹೋಗಿ, ಅಲ್ಲಿಂದ ಸಮುದ್ರದ ದಂಡಿ ಹಿಡದು ಹೊಂಡೂದು ಅಂತ ಆತು.

ಮಲಗಬೇಕಾದ ಮನಷಾನ ಕೈಯಾಗ ಸ್ಟಿಯರಿಂಗ್ ಕೊಟ್ಟು ಉಳದವರು ಗೊರಕಿ ಹೊಡಿಯೂದು. ನಮ್ಮ ಶಾಣ್ಯಾತನಕ್ಕ ಏನನ್ನಬೇಕು! ಹಿಂದ ಅತ್ತಿ, ಮಾವ, ಒಂಬತ್ತು ವರ್ಷದ ನನ್ನ ಮಗಳು ಒಬ್ಬರ ಮ್ಯಾಲ ಒಬ್ಬರು ಬಿದ್ದು ಮಲಗಿದ್ರು. ನಾ ಮುಂದ ಕುಂತು ಇವರ ರೆಪ್ಪಿ ಕಾಯಕೋತ ಹೋದೆ. ರೆಪ್ಪಿ ಇಳೀತು ಅಂದ್ರ ತೊಡಿ ಚಿವಟೂದು, ಬಾಯಾಗ ನಾಕು ಶೇಂಗಾ ಹಾಕೂದು. ನಾರ್ಕಟ್‌ಪಲ್ಲಿ ದಾಟೂದರಾಗ, ಇನ್ನೂ ಅರ್ಧಾ ದಾರೀನೂ ಆಗಿರಲಿಲ್ಲ, ನನಗ ಸಾಕಾಗಿ ಹೋಗಿತ್ತು.

ಬಾಪಟ್ಲಾದ ದಂಡ್ಯಾಗ ಜಾತ್ರಿಯಂಥ ಗದ್ದಲ. ಒಂದು ಕಡೆ ಕುದರಿ, ಒಂದು ಕಡೆ ಹಾಡು, ಒಂದು ಕಡೆ ಮೆಣಸಿನಕಾಯಿ ಭಜಿ. ಟೆಂಟಿನಾಗ ಮಲಗಿದ ನಮ್ಮ ಮನಿಯವರ ಬಲಗಾಲು ಬ್ರೇಕ್ ತುಳದಂಗ ಸುಮ್ಮನ ಅಲ್ಲಾಡತಿತ್ತು. ಮರುದಿನ ಎದ್ದಾಗ ಕಣ್ಣು ಕೆಂಡ. "ಮಲಗಿದ್ರೇನ್ರಿ?" ಅಂದ್ರ, "ಹೂಂ, ಭೇಷ್ ನಿದ್ದಿ ಆತು," ಅಂದ್ರು. ಸುಳ್ಳು ಹೇಳಾಕೂ ತ್ರಾಣ ಬೇಕಲ್ರಿ, ಅದೂ ಅವರ ಹತ್ತಿರ ಉಳದಿರಲಿಲ್ಲ.

ಮತ್ತ ದಂಡಿ ಹಿಡದು ಹೊಂಟ್ವಿ. ಮಧ್ಯಾಹ್ನದ ಹೊತ್ತಿಗೆ ಮೀನಗಾರರ ಒಂದು ಸಣ್ಣ ಹಳ್ಳಿ ದಾಟಿದ ಮ್ಯಾಲ ಖಾಲಿ ದಂಡಿ ಸಿಕ್ತು. ನರಪಿಳ್ಳಿ ಇಲ್ಲ. ಗಾಡೀನ ಮ್ಯಾಲ ರೋಡಿನಾಗ ನಿಂದ್ರಿಸಿ, ಟೆಂಟ್ ಎಲ್ಲಿ ಹಾಕೂದು ಅಂತ ಮಾತು ಬಂತು. ಮ್ಯಾಲಿನ ಉಸುಕು ಹಂಚಿನಂಗ ಕಾದಿತ್ತು, ಗೂಟ ನಿಲ್ಲವಲ್ದು. ಮಾವ ಕೆಳಗ ನೀರಿನ ಹತ್ರ ಹೋಗಿ ಹಿಮ್ಮಡದಿಂದ ನೆಲ ತುಳದು ನೋಡಿದ್ರು. "ಇಲ್ಲಿ ಬರ್ರಿ. ಕಣದಂಗ ಗಟ್ಟಿ ಐತಿ, ತಣ್ಣಗೂ ಐತಿ. ಬ್ಯಾಸಗ್ಯಾಗ ಭೀಮಾದ ಒಡಲಾಗ ಹಿಂಗ ಹಾಸಗೊಂಡು ಮಲಗತಿದ್ವಿ," ಅಂದ್ರು.

"ನೀರು ಇಲ್ಲಿತನಕ ಬಂದಿದ್ದಂಗ ಐತ್ರಿ ಮಾವಾರ," ಅಂದೆ.

"ಬಂದಿತ್ತು, ಹೋತು. ಹೋದ ನೀರು ಮತ್ತ ಮಳಿ ಆದಾಗನ ಬರೂದು," ಅಂದ್ರು. ಜೀವಮಾನವೆಲ್ಲಾ ನೀರಾಗ ಕಳದವರು. ನಾ ಗೂಟ ಎತಗೊಂಡು ಕೆಳಗ ಬಂದೆ.

ಅಲ್ಲೇ ಟೆಂಟ್ ಹಾಕಿ ಜಮಖಾನಿ ಹಾಸಿದ್ವಿ. ನಮ್ಮ ಮನಿಯವರು ಅದರ ಮ್ಯಾಲ ಅಂಗಾತ ಬಿದ್ರು. ಅಷ್ಟೇ ನೋಡ್ರಿ. ಹೊರಳಲಿಲ್ಲ, ಕೆಮ್ಮಲಿಲ್ಲ, ಕಾಲು ಅಲ್ಲಾಡಲಿಲ್ಲ. ಬಾಯಿ ತೆರದು ಸಣ್ಣ ಕೂಸಿನಂಗ ಮಲಗಿಬಿಟ್ರು. ನಾ ಬಾಗಲದಾಗ ಕುಂತು ನೋಡೇ ನೋಡಿದೆ. ಎಷ್ಟು ದಿನದ ಮ್ಯಾಲ ಆ ಹಣಿ ಮ್ಯಾಲಿನ ಗೆರಿ ಸಡಲಿದ್ವು! ನನಗ ಅಳು ಬಂತು, ಸಂತೋಷದ ಅಳು.

ಮಾವ ಗೋಧಿ ಹಿಟ್ಟಿನ ಉಂಡಿ ಗಾಳಕ್ಕ ಸಿಗಿಸಿ ಸಮುದ್ರಕ್ಕ ಎಸದ್ರು. ಒಂದು ತೆರಿ ಬಂದು ಉಂಡಿ ತೊಳಕೊಂಡು ಹೋತು. ಮತ್ತ ಸಿಗಿಸಿದ್ರು, ಮತ್ತ ಹೋತು. "ಅಜ್ಜಾ, ಸಮುದ್ರಕ್ಕ ಚಪಾತಿ ತಿನಸಾಕತ್ತೀಯೇನು?" ಅಂತ ನನ್ನ ಮಗಳು ನಕ್ಕಳು. ಮಾವ ಸಿಟ್ಟಿಲೆ, "ಈ ನೀರಿಗೆ ನಿಯ್ಯತ್ತಿಲ್ಲ," ಅಂದ್ರು. ಅತ್ತಿ ಸೆರಗ ಬಾಯಿಗಿಟಗೊಂಡು ನಕ್ರು.

ಬಿಸಲು ವಾಲೂ ಹೊತ್ತಿಗೆ ನನ್ನ ಚಪ್ಪಲಿ ತೇಲಾಕತ್ತಿದ್ವು. ನೋಡಿದ್ರ ನೀರು ಟೆಂಟಿನ ಬಾಗಲಕ್ಕ ಬಂದೈತಿ. ಅಯ್ಯ ಶಿವನೇ! ಮಳಿ ಇಲ್ಲ, ಮೋಡ ಇಲ್ಲ, ಹೋದ ನೀರು ಹೆಂಗ ಬಂತು? ಮಾವ ಗಾಳ ಹಿಡಕೊಂಡು ಕಲ್ಲಿನಂಗ ನಿಂತಬಿಟ್ಟಿದ್ರು.

"ಎಬ್ಬಸೂಣು," ಅಂದ್ರು ಅತ್ತಿ.

"ಬ್ಯಾಡ್ರಿ ಅತ್ತಿ," ಅಂದೆ. "ಈಗ ಎಬ್ಬಿಸಿದ್ರ ಮತ್ತ ಈ ನಿದ್ದಿ ಯಾವಾಗ ಬರತೈತೋ. ಹಂಗೇ ಎತ್ತಿ ಮ್ಯಾಲ ಒಯ್ಯೂಣು."

ಮಾವ ತಲಿ ಕಡೆ ಜಮಖಾನಿ ಮೂಲಿದು ಒಂದು ಚುಂಗು ಹಿಡದ್ರು, ಅತ್ತಿ ಇನ್ನೊಂದು. ಕಾಲ ಕಡೆ ನಾನು, ನನ್ನ ಮಗಳು. ಟೆಂಟ್ ಹಾಳಾಗಿ ಹೋಗಲಿ ಅಂತ ಬಿಟ್ಟು, ಜಮಖಾನಿ ಸಮೇತ ಅವರನ್ನ ಎತಗೊಂಡು ಹೊಂಟ್ವಿ. ಮೈಮ್ಯಾಲ ನೀರು ಸಿಡದ್ರೂ ಎಚ್ಚರ ಆಗಲಿಲ್ಲ. ತಲಿ ಅತ್ತಾಗೊಮ್ಮೆ ಇತ್ತಾಗೊಮ್ಮೆ ಹೊರಳತಿತ್ತು, ಒಂದು ಕೈ ಹೊರಗ ಜೋತು ಬಿದ್ದಿತ್ತು. "ಸಾವಕಾಶ, ಸಾವಕಾಶ," ಅಂತ ಪಿಸುಗುಟಕೋತ ನಾನೇ ಎಲ್ಲಾರನ್ನೂ ನಡಸಾಕತ್ತಿದ್ದೆ. ಕೆಟ್ಟ ಹಮ್ಮು ಬ್ಯಾರೆ ನನಗ, ಎಚ್ಚರಾಗದಂಗ ಒಯ್ಯಾಕತ್ತೀನಿ ಅಂತ.

ಎದುರಿಗೆ ಹಳ್ಳಿ ಕಡೆಯಿಂದ ವಯಸ್ಸಾದ ಹೆಣ್ಣಮಗಳೊಬ್ಬಾಕಿ ಮೀನಿನ ಬುಟ್ಟಿ ಹೊತಗೊಂಡು ಬರತಿದ್ಲು. ನಮ್ಮನ್ನ ನೋಡಿ ನಿಂತ್ಲು. ಬುಟ್ಟಿ ಕೆಳಗಿಟ್ಟು, ಕಾಲಾಗಿನ ಚಪ್ಪಲಿ ಕಳದು, ಎರಡೂ ಕೈ ಜೋಡಿಸಿದ್ಲು. "ಪೋಯಾಡಾ ಅಮ್ಮಾ?" ಅಂತ ನಮ್ಮತ್ತೀನ ಕೇಳಿದ್ಲು. ಹೋಗಿಬಿಟ್ಟನೇನವ್ವಾ, ಅಂತ.

ಕೂಕಟ್‌ಪಲ್ಲಿ ಸಂತ್ಯಾಗ ದಿನಾ ತೆಲುಗಿನಾಗ ಕಾಯಿಪಲ್ಯೆ ತರೂ ನಮ್ಮತ್ತಿಗೆ ಅಷ್ಟು ತಿಳೀತು. ಕೆಳಗ ಮಗನ ಮಾರಿ ನೋಡಿದ್ರು. ಆಮ್ಯಾಲ ಗಂಡನ ಕೈಯಾಗಿನ ಚುಂಗು ನೋಡಿದ್ರು.

"ನಾ ಹೊರಂಗಿಲ್ಲ," ಅಂದ್ರು. "ನನ್ನ ಮಗನ್ನ ಹಿಂಗ ನಾ ಹೊರಂಗಿಲ್ಲ." ಚುಂಗು ಬಿಟ್ಟು, ಎದಿ ಎದಿ ಬಡಕೊಂಡು ಉಸುಕಿನಾಗ ಕುಂತುಬಿಟ್ರು.

ನಮ್ಮ ಮನಿಯವರ ತಲಿ ನೆಲಕ್ಕ ಬಡೀತು. ಸಟ್ಟನ ಎದ್ದು ನಿಂತು, "ಬಂದೆ ಮೇಡಂ, ಗೇಟಿನಾಗ ಅದೀನಿ," ಅಂದ್ರು. ಕಣ್ಣು ಇನ್ನೂ ಮುಚ್ಚೇ ಇದ್ವು. ಕಿಸೆದಾಗಿನ ಚಾವಿ ತಗದು ಗಾಡಿ ಕಡೆ ಹೊಂಟೇಬಿಟ್ರು. ನನ್ನ ಮಗಳು ಅಂಜಿ ನನ್ನ ಸೀರಿ ಹಿಡಕೊಂಡ್ಲು.

ಮಾವ ಓಡಿ ಹೋಗಿ ಅಡ್ಡ ನಿಂತ್ರು. "ಚಾವಿ ಕೊಡು."

ನಮ್ಮ ಮನಿಯವರಿಗೆ ಆಗ ಎಚ್ಚರಾತು. "ನಿಮಗ ಹೊಡಿಯಾಕ ಬರಂಗಿಲ್ಲಪ್ಪಾ."

"ಬರಂಗಿಲ್ಲ. ಕೊಡು." ಮಾವ ಕೈ ಚಾಚಿದ್ರು.

"ನಾಳಿ ಡ್ಯೂಟಿ ಐತಿ..."

"ಡ್ಯೂಟಿ ಮುಗೀತು. ರಾತ್ರಿ ಗಾಡಿ ಇನ್ನ ಹತ್ತಬ್ಯಾಡ. ಹೊಟ್ಟಿಗೇನು, ನಾನೂ ದುಡೀತೀನಿ." ಮಾವ ಚಾವಿ ಕಸಗೊಂಡು ಧೋತರದ ಗಂಟಿನಾಗ ಕಟಗೊಂಡ್ರು. ಮಗನ ಮಾರಿ ನೋಡೂ ಧೈರ್ಯ ಅವರಿಗೆ ಇರಲಿಲ್ಲ.

ಗಾಡಿ ನೆರಳಾಗ ಹಸೀ ಜಮಖಾನಿ ಹಾಸಿದೆ. ನಮ್ಮ ಮನಿಯವರು ಅಡ್ಡಾದ್ರು. "ಯಾವಾಗ ಎಬ್ಬಸ್ತಿ?" ಅಂತ ನನ್ನ ಕೇಳಿದ್ರು. ಅತ್ತಿ ಬಂದು ಬಾಜೂಕ ಕುಂತು ಮಗನ ಎದಿ ಮ್ಯಾಲ ಕೈ ಇಟ್ರು.

"ಯಾರೂ ಎಬ್ಬಸಂಗಿಲ್ಲ. ಎಷ್ಟರೆ ಹೊತ್ತು ಮಲಗು ನನ್ನಪ್ಪಾ," ಅಂದ್ರು. "ಏಳೂದು ಮಾತ್ರ ಏಳು."