ಕೈ ತೆಗೆದ ಮೇಲೂ ಉರಿಯಬೇಕು

ಗುಡಗೇರಿ ಸ್ಟೇಷನ್ನಿಗೆ ಬೆಳಗಿನ ಮೊದಲ ಗಾಡಿ ಇನ್ನೂ ಬಂದಿಲ್ಲ. ಶಂಭುಲಿಂಗಪ್ಪನವರ ಮನೆಯ ಅಡುಗೆಕೋಣೆಯಲ್ಲಿ ನಿಲೋಫರ್ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದಾರೆ. ಬಲಗೈಯಲ್ಲಿ ಬ್ಯಾಟರಿ, ಅದರ ಬೆಳಕು ಗ್ಯಾಸ್ ಓವನ್ನಿನ ಹೊಟ್ಟೆಯೊಳಗೆ. ಎಡಗೈ ಓವನ್ನಿನ ಗುಂಡಿಯನ್ನು ಒತ್ತಿ ಹಿಡಿದಿದೆ. ಒಳಗೆ ನೀಲಿ ಉರಿ ಸಾಲಾಗಿ ಹತ್ತಿಕೊಂಡಿದೆ. ಸ್ವಲ್ಪ ಹೊತ್ತು ಕಾದು ಗುಂಡಿಯಿಂದ ಕೈ ತೆಗೆಯುತ್ತಾರೆ. ಟಕ್ ಎಂದು ಸಣ್ಣ ಸದ್ದಾಗುತ್ತದೆ. ಉರಿ ಆರುತ್ತದೆ.

ಬಾಗಿಲು ತೆರೆದಿಟ್ಟು, ಉಳಿದ ಗ್ಯಾಸ್ ಹೊರಗೆ ಹೋಗಲೆಂದು ಮೊರದಿಂದ ಗಾಳಿ ಬೀಸುತ್ತಾರೆ. ಎಳ್ಳಮಾವಾಸ್ಯೆ ಈಗಷ್ಟೇ ಮುಗಿದಿದೆ. ತೆರೆದ ಕಿಟಕಿಯಿಂದ ಬರುವ ಚಳಿಗೆ ಮನೆಯ ಸೊಸೆ ಸುನಿತಾ ಸೆರಗು ಹೊದ್ದು ನಿಂತಿದ್ದಾರೆ. ನಿಲೋಫರ್ ಮತ್ತೆ ಗುಂಡಿ ಒತ್ತುತ್ತಾರೆ, ಲೈಟರ್ ಹೊಡೆಯುತ್ತಾರೆ, ಉರಿ ಬರುತ್ತದೆ, ಕೈ ತೆಗೆಯುತ್ತಾರೆ. ಮತ್ತೆ ಟಕ್. ಎದ್ದು ಕೂಡುತ್ತಾರೆ, ಹಿತ್ತಿಲ ಬಾಗಿಲ ತನಕ ಹೋಗುತ್ತಾರೆ, ತಿರುಗಿ ಬರುತ್ತಾರೆ. ಸುನಿತಾ ಕೊಟ್ಟ ಚಹಾ ಕಟ್ಟೆಯ ಮೇಲೆ ಕೆನೆಗಟ್ಟಿದೆ.

ಈ ಮನೆಗೆ ಅವರು ಬರುತ್ತಿರುವುದು ಇದು ಮೂರನೇ ಸಲ. ಮೊದಲ ಸಲ ಗ್ಯಾಸ್ ಬರುವ ಸಣ್ಣ ತೂತು ಸ್ವಚ್ಛ ಮಾಡಿ, ಉರಿಯ ಪಕ್ಕದಲ್ಲಿ ಬಾಗಿದ್ದ ತಾಮ್ರದ ಕಡ್ಡಿಯನ್ನು ನೆಟ್ಟಗೆ ಮಾಡಿ ಹೋಗಿದ್ದರು. ಎರಡನೇ ಸಲ ಆ ಕಡ್ಡಿಯನ್ನೇ ಬದಲಿಸಿದರು. ಎರಡೂ ಸಲ ಓವನ್ ಕೆಲವು ವಾರ ಚೆನ್ನಾಗಿ ನಡೆದು ಮತ್ತೆ ನಿಂತಿತು. ನಿಂತಾಗಲೆಲ್ಲ ಟ್ರೇಯಲ್ಲಿದ್ದದ್ದು ಬೇರೆಯವರ ಹಿಟ್ಟು.

ಹಬ್ಬ ಬಂದರೆ, ಬಸುರಿ ಮಗಳ ಕುಬಸ ಗೊತ್ತಾದರೆ, ಈ ಭಾಗದ ಹೆಣ್ಣುಮಕ್ಕಳು ಮೈದಾ, ಸಕ್ಕರೆ, ತುಪ್ಪ ಕಟ್ಟಿಕೊಂಡು ಗಾಡಿ ಹತ್ತಿ ಹುಬ್ಬಳ್ಳಿಗೆ ಹೋಗುತ್ತಿದ್ದರು. ಅಲ್ಲಿನ ಬೇಕರಿಯ ಭಟ್ಟಿಯ ಮುಂದೆ ಸರತಿಯಲ್ಲಿ ನಿಂತು ನಾನಖಟಾಯಿ, ಖಾರಾ ಬಿಸ್ಕಿಟ್ ಮಾಡಿಸಿ ತರುತ್ತಿದ್ದರು. ಬೇಯಿಸುವವರು ಯಾರಾದರೂ ಇರಲಿ, ಹಿಟ್ಟು ಮಾತ್ರ ತಮ್ಮದೇ ಆಗಬೇಕು, ತುಪ್ಪ ತಮ್ಮ ಎಮ್ಮೆಯದೇ ಆಗಬೇಕು. ಸುನಿತಾ ಮನೆಯಲ್ಲಿ ಓವನ್ ಇಟ್ಟ ಮೇಲೆ ಆ ಡಬ್ಬಿಗಳು ಅವರ ಪಡಸಾಲೆಗೆ ಬರತೊಡಗಿದವು. ಮಾವ ಶಂಭುಲಿಂಗಪ್ಪನವರಿಗೆ ಮೊದಲು ಅದು ಹೆಮ್ಮೆಯೇ ಆಗಿತ್ತು. ಅರೆಬೆಂದ ಹಿಟ್ಟನ್ನು ಎರಡು ಸಲ ನೆರೆಯವರಿಗೆ ತಿರುಗಿ ಕೊಡಬೇಕಾಗಿ ಬಂದಾಗ ಅವರಿಗೆ ತಲೆ ಎತ್ತಿ ಓಡಾಡುವುದು ಕಷ್ಟವಾಯಿತು. ಮಂದಿಯ ಅನ್ನ ನಮ್ಮ ಮನೆಯಲ್ಲಿ ಹಾಳಾಗಬಾರದು ಎನ್ನುವುದು ಅವರ ಮಾತು. ಇವತ್ತು ಸಂತೆ. ಜೋಳದ ಚೀಲ ಹೇರಿಕೊಂಡು ಹೋಗಲು ಬರುವ ಟೆಂಪೋದಲ್ಲಿ ಓವನ್ನನ್ನೂ ಕೊಂಡ ಅಂಗಡಿಗೇ, ಹುಬ್ಬಳ್ಳಿಗೆ ಸಾಗಹಾಕುವುದೆಂದು ಅವರು ತೀರ್ಮಾನಿಸಿಬಿಟ್ಟಿದ್ದಾರೆ.

ಸುನಿತಾ ರಾತ್ರಿ ಫೋನ್ ಮಾಡಿ ಹೇಳಿದ್ದು ಇಷ್ಟೇ. ಅಷ್ಟಕ್ಕೇ ನಿಲೋಫರ್ ನಸುಕಿನಲ್ಲಿ ಎದ್ದು ಕುಂದಗೋಳದಿಂದ ಸ್ಕೂಟರ್ ಹೊಡೆದುಕೊಂಡು ಬಂದಿದ್ದಾರೆ. ಈ ಓವನ್ ಕೊಳ್ಳುವಾಗ ಸುನಿತಾ ಅನುಮಾನಿಸಿದ್ದರು. ಹಳ್ಳಿಯಲ್ಲಿ ಕೆಟ್ಟರೆ ನೋಡುವವರು ಯಾರು ಎಂದು ಕೇಳಿದ್ದರು. “ತಗೋರಿ ಅಕ್ಕಾರ, ನಾ ಅದೀನಿ” ಎಂದವರು ನಿಲೋಫರ್. ಸಂಶಿಯಲ್ಲಿ, ಯರಗುಪ್ಪಿಯಲ್ಲಿ ಇನ್ನೂ ಕೆಲವರು ಸುನಿತಾ ಅವರನ್ನು ನೋಡಿ ತಾವೂ ಒಂದು ತರಬೇಕೆಂದು ಕಾಯುತ್ತಿದ್ದಾರೆ. ಇದು ತಿರುಗಿ ಹೋದರೆ ಯಾರೂ ತರುವುದಿಲ್ಲ. ನಿಲೋಫರ್ ಅವರ ಮಾತಿಗೂ ಆಮೇಲೆ ಬೆಲೆ ಇರುವುದಿಲ್ಲ.

ಒಲೆಯ ಕೆಲಸ ಅವರಿಗೆ ಬಂದದ್ದು ತಂದೆ ಇಮಾಮುದ್ದೀನ ಅವರಿಂದ. ಸಂತೆಯಿಂದ ಸಂತೆಗೆ ಹೋಗಿ, ಗೋಣಿಚೀಲ ಹಾಸಿ, ಸೀಮೆಎಣ್ಣೆಯ ಪಂಪ್ ಸ್ಟವ್ ರಿಪೇರಿ ಮಾಡುತ್ತಿದ್ದರು. ಮಗಳ ಕೆಲಸ ಪಿನ್ನು ಕೊಡುವುದು, ವಾಷರ್ ಹುಡುಕುವುದು. ಸೀಮೆಎಣ್ಣೆ ಸಿಗುವುದು ನಿಂತಿತು, ಸ್ಟವ್‌ಗಳು ಅಟ್ಟ ಸೇರಿದವು, ಇಮಾಮುದ್ದೀನ ಅವರ ಗೋಣಿಚೀಲವೂ ಮಡಚಿಕೊಂಡಿತು. ಗ್ಯಾಸ್ ಒಲೆ ಕಲಿಯುವ ವಯಸ್ಸು ತಮ್ಮದಲ್ಲ ಎಂದು ಅವರು ಕೈಚೆಲ್ಲಿದಾಗ ಮಗಳು ಒಬ್ಬ ಮೆಕ್ಯಾನಿಕ್ ಹಿಂದೆ ಓಡಾಡಿ ಕಲಿತರು. ತಾಯಿ ಹಸೀನಾಬಿ ಒಪ್ಪಲಿಲ್ಲ. ಕಂಡವರ ಅಡುಗೆಮನೆಯಲ್ಲಿ ನೆಲಕ್ಕೆ ಮಲಗುವ ಕೆಲಸ ಹೆಣ್ಣುಮಗಳಿಗೆ ಯಾಕೆ ಎಂದು ಬಹಳ ದಿನ ಮಾತು ಬಿಟ್ಟಿದ್ದರು.

ಆದರೆ ಕರೆ ಬರುವುದೇ ಅವರು ಹೆಣ್ಣುಮಗಳೆಂಬ ಕಾರಣಕ್ಕೆ. ಹಗಲು ಗಂಡಸರೆಲ್ಲ ಹೊಲದಲ್ಲಿ ಇರುತ್ತಾರೆ, ಒಲೆ ಕೆಡುವುದು ಆವಾಗಲೇ. ಗುರುತಿಲ್ಲದ ಗಂಡಸನ್ನು ಒಳಗೆ ಬಿಡಲು ಹೆಂಗಸರು ಹಿಂಜರಿಯುತ್ತಾರೆ. ನಿಲೋಫರ್ ಬಂದರೆ ನೇರ ಅಡುಗೆಕೋಣೆಗೆ ಕರೆಯುತ್ತಾರೆ. ಕೆಲವು ಮನೆಗಳಲ್ಲಿ ಅವರನ್ನು ಒಳಗೆ ಕರೆಯದೆ ಒಲೆಯನ್ನು ಹಿತ್ತಿಲಿಗೆ ತಂದುಕೊಡುವುದೂ ಉಂಟು. ಅದರ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ. “ಹಿತ್ತಲದಾಗ ಬೆಳಕ ಚಲೋ ಇರತೈತ್ರಿ” ಎನ್ನುತ್ತಾರೆ, ಅಷ್ಟೇ. ಒಂದು ದಿನ ಎರಡು ಊರು, ಇನ್ನೊಂದು ದಿನ ಐದು. ಗಂಡ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಇಬ್ಬರ ಕೈಯೂ ಒಂದೇ ವಾಸನೆ ಎಂದು ಹೇಳಿ ನಗುತ್ತಾರೆ.

ಈಗ ನಗು ಇಲ್ಲ. ಬೆಳಕು ಹರಿದಿದೆ. ಪಕ್ಕದ ಮನೆಯ ಸುಶೀಲವ್ವ ಹಿತ್ತಿಲ ಬಾಗಿಲಿನಿಂದ ಇಣುಕುತ್ತಾರೆ. ಮಗಳ ಕುಬಸಕ್ಕೆ ಒಯ್ಯಬೇಕಾದ ನಾನಖಟಾಯಿಯ ಹಿಟ್ಟು ನಿನ್ನೆಯಿಂದ ಈ ಮನೆಯಲ್ಲಿದೆ. ನಿಲೋಫರ್ ಎಂಬ ಹೆಸರು ಅವರ ನಾಲಿಗೆಗೆ ಹೊರಳುವುದಿಲ್ಲ.

“ಏನ ನೀಲವ್ವ, ಇವತ್ತರ ಬೆಂಕಿ ನಿಂದರತೈತೋ, ಇಲ್ಲಾ ಮಗಳಿಗೆ ಹಸೇ ಹಿಟ್ಟ ಒಯ್ಯಲೋ?”

“ಹಸೇದ ಒಯ್ರಿ ಅಕ್ಕಾರ. ಬೀಗರ ಮನ್ಯಾಗ ಒಲಿ ಇರತೈತಲ್ಲ.”

ಸುಶೀಲವ್ವ ನಕ್ಕು ಅಲ್ಲೇ ಹೊಸ್ತಿಲ ಮೇಲೆ ಕೂಡುತ್ತಾರೆ. ಸುನಿತಾ ನಗುವುದಿಲ್ಲ. ಬೀದಿಯಲ್ಲಿ ಗಾಡಿಯ ಸದ್ದಾದರೆ ಅವರ ಕಣ್ಣು ಬಾಗಿಲ ಕಡೆ ಹೋಗುತ್ತದೆ.

ನಿಲೋಫರ್ ಮತ್ತೆ ಮಲಗಿ ನೋಡುತ್ತಾರೆ. ತಾವೇ ಹಾಕಿದ ಹೊಸ ಕಡ್ಡಿ ಹಳೆಯದರಂತೆಯೇ ಒಂದು ಬದಿಗೆ ಬಾಗಿದೆ, ಉರಿ ಅದಕ್ಕೆ ತಾಗುತ್ತಿಲ್ಲ. ಬಿಗಿದ ಸ್ಕ್ರೂ ಬಿಗಿಯಾಗಿಯೇ ಇದೆ. ತಾನಾಗಿ ಬಾಗುವ ವಸ್ತುವಲ್ಲ ಅದು. ಅದರ ತುದಿಗೆ ಏನೋ ಬೆಳ್ಳಗೆ ಅಂಟಿದೆ. ಹೋದ ಸಲವೂ ಇತ್ತು, ಬಿಸ್ಕಿಟ್ ಮಾಡುವ ಮನೆ, ಹಿಟ್ಟಿರಬೇಕು ಎಂದುಕೊಂಡಿದ್ದರು. ಈಗ ಬೆರಳಿಗೆ ಹಚ್ಚಿಕೊಂಡು ತಿಕ್ಕುತ್ತಾರೆ. ಹಿಟ್ಟಾಗಿದ್ದರೆ ಉರಿಗೆ ಸುಟ್ಟು ಕರ್ರಗಾಗಬೇಕಿತ್ತು. ಇದು ಸುಟ್ಟರೂ ಬೆಳ್ಳಗೇ ಇದೆ. ಬ್ಯಾಟರಿಯನ್ನು ಓರೆ ಹಿಡಿಯುತ್ತಾರೆ. ಉರಿಯ ಪಕ್ಕದ ತಗಡಿನ ಮೇಲೆ ಒಂದರ ಕೆಳಗೊಂದು ಮೂರು ಗೆರೆ.

ಆಗಲೇ ಸುನಿತಾ ಅವರ ಅತ್ತೆ ಕಸ್ತೂರೆವ್ವ ಪೂಜೆ ಮುಗಿಸಿ ಒಳಗೆ ಬರುತ್ತಾರೆ. ಹಣೆಯ ಮೇಲೆ ವಿಭೂತಿಯ ಮೂರು ಗೆರೆ ಇನ್ನೂ ಹಸಿ ಇವೆ. ನಿಲೋಫರ್ ಎದ್ದು ಕೂತು ಅವರನ್ನೇ ನೋಡುತ್ತಾರೆ. ಅಮಾವಾಸ್ಯೆಗೆ ಒಲೆಯ ಪೂಜೆ ಮಾಡಿದಿರಾ ಎಂದು ಮೆಲ್ಲಗೆ ಕೇಳುತ್ತಾರೆ.

“ಮಾಡ್ದ ಬಿಡ್ತಾರೇನ? ಮಣ್ಣಿನ ಒಲಿ ಇದ್ದಾಗ ಸಾರಿಸಿ ವಿಭೂತಿ ಹಚ್ತಿದ್ವಿ. ಇದರದು ತಳದ ತಗಡ ತಗದು ತೊಳದು, ಬೆಂಕಿ ಕೂಡೂ ಜಾಗಕ್ಕ ಹಚ್ತೀನಿ.”

ಪ್ರತಿ ಅಮಾವಾಸ್ಯೆಗೂ ಎಲ್ಲರೂ ಏಳುವ ಮೊದಲು ಮಿಂದು, ದೀಪ ಹಚ್ಚುವುದಕ್ಕೂ ಮುಂಚೆ ಕಸ್ತೂರೆವ್ವ ಈ ಕೆಲಸ ಮುಗಿಸುತ್ತಾರೆ. ಕತ್ತಲಲ್ಲಿ ಕೈಯೇ ಕಣ್ಣು. ಅವರು ಮುಚ್ಚಿಟ್ಟಿದ್ದೇನಲ್ಲ. ಒಲೆ ಇದ್ದ ಮನೆಯಲ್ಲಿ ಒಲೆಗೆ ಪೂಜೆ ಇರುತ್ತದೆ, ಅದನ್ನು ಯಾರಿಗೆ ಹೇಳಬೇಕು? ನಿಲೋಫರ್ ಬಂದಾಗಲೆಲ್ಲ ಮಾತಾಡಿದ್ದು ಸುನಿತಾ ಅವರ ಜೊತೆ. ಅತ್ತೆಯನ್ನು ಯಾರೂ ಕೇಳಿರಲಿಲ್ಲ.

ಸುನಿತಾ ಅವರ ಮುಖದ ಬಣ್ಣ ಬದಲಾಗುತ್ತದೆ. ಅತ್ತೆ, ನೀವು ಎಂದು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ನಿಲೋಫರ್ ಒಂದು ಮೆತ್ತನೆಯ ಅರಿವೆ ಬೇಕೆಂದು ಕೇಳಿ ಅವರನ್ನು ಒಳಕೋಣೆಗೆ ಕಳಿಸುತ್ತಾರೆ. ಆಮೇಲೆ ಬ್ಯಾಟರಿಯನ್ನು ಕಸ್ತೂರೆವ್ವನ ಕೈಗೆ ಕೊಟ್ಟು, ಬಗ್ಗಿ ನೋಡಿ ಎನ್ನುತ್ತಾರೆ. ಕಸ್ತೂರೆವ್ವ ಮಂಡಿಗೆ ಕೈ ಕೊಟ್ಟು ಬಗ್ಗುತ್ತಾರೆ.

“ಈ ಕಡ್ಡಿ ಉರಿಯೊಳಗ ಇರಬೇಕ್ರಿ ಅವ್ವಾರ. ಇದು ಬಿಸಿ ಇದ್ರಷ್ಟ ಗ್ಯಾಸ್ ಬರತೈತಿ. ಉರಿ ಆರಿತು ಅಂದ್ರ ತಣ್ಣಗಾಗಿ ತಾನ ಬಂದ್ ಮಾಡತೈತಿ. ಇಲ್ಲಾಂದ್ರ ಮನಿತುಂಬ ಗ್ಯಾಸ್ ತುಂಬತೈತ್ರಿ.”

ಕಸ್ತೂರೆವ್ವ ತಮ್ಮ ಬಲಗೈಯ ಮೂರು ಬೆರಳು ನೋಡಿಕೊಳ್ಳುತ್ತಾರೆ. ಆಮೇಲೆ ಪೂಜೆ ಬಿಡು ಅಂತೀಯೇನು ಎಂದು ಕೇಳುತ್ತಾರೆ. ದನಿ ಗಡುಸಾಗಿದೆ.

“ಬಿಡ್ರಿ ಅನ್ನಾಂಗಿಲ್ಲ. ನೀವು ವಿಭೂತಿ ಹಣಿಗೆ ಹಚ್ಕೋತೀರಿ. ಬಾಯಾಗ ಹಚ್ಕೋತೀರೇನ್ರಿ? ಇದರ ಹಣಿ ಇಲ್ಲೈತಿ ನೋಡ್ರಿ.” ನಿಲೋಫರ್ ಓವನ್ನಿನ ಬಾಗಿಲ ಮೇಲಿನ ಉಕ್ಕಿನ ಪಟ್ಟಿಯನ್ನು ಬೆರಳಿನಿಂದ ತಟ್ಟುತ್ತಾರೆ.

ಕಸ್ತೂರೆವ್ವ ಆ ಪಟ್ಟಿಯನ್ನು ನೋಡುತ್ತಾರೆ, ಓವನ್ನಿನ ತೆರೆದ ಬಾಗಿಲು ನೋಡುತ್ತಾರೆ. ಮೊದಲು ನಗುವುದು ಹೊಸ್ತಿಲ ಮೇಲಿನ ಸುಶೀಲವ್ವ. ಆಮೇಲೆ ಕಸ್ತೂರೆವ್ವನಿಗೂ ತಡೆಯಲಾಗುವುದಿಲ್ಲ.

ನಿಲೋಫರ್ ಸುನಿತಾ ತಂದ ಅರಿವೆಯಿಂದ ಕಡ್ಡಿಯ ತುದಿಯನ್ನು ಒರೆಸಿ, ನೆಟ್ಟಗೆ ಮಾಡಿ, ಉರಿ ತಾಗುವಂತೆ ಕೂಡಿಸುತ್ತಾರೆ. ಪೈಪಿನ ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುವುದೇನೋ ಎಂದು ನೋಡುತ್ತಾರೆ. ಗುಂಡಿ ಒತ್ತಿ ಹಚ್ಚುತ್ತಾರೆ. ಸುನಿತಾ ಬಗ್ಗಿ ನೋಡುತ್ತಾರೆ. ನಿಲೋಫರ್ ಕೈ ತೆಗೆಯುತ್ತಾರೆ. ಸದ್ದಿಲ್ಲ. ಉರಿ ನಿಂತಿದೆ. ಅವರಿಗೆ ನಂಬಿಕೆ ಬರುವುದಿಲ್ಲ. ಆರಿಸಿ, ತಣಿಯಲು ಬಿಟ್ಟು, ಮತ್ತೆ ಹಚ್ಚಿ, ಮತ್ತೆ ಕೈ ತೆಗೆಯುತ್ತಾರೆ. ಉರಿ ನಿಂತೇ ಇದೆ. ಬಾಗಿಲು ಮುಚ್ಚಿ ಓವನ್ ಕಾಯಲು ಬಿಡುತ್ತಾರೆ.

ಬೀದಿಯಲ್ಲಿ ಟೆಂಪೋ ಹಾರ್ನ್ ಹೊಡೆಯುತ್ತದೆ. ಶಂಭುಲಿಂಗಪ್ಪ ಡ್ರೈವರನನ್ನು ಕರೆದುಕೊಂಡು ನೇರ ಅಡುಗೆಕೋಣೆಗೆ ಬರುತ್ತಾರೆ. ಓವನ್ ಸರಿಯಾಗಿದೆ ಎಂದು ಸುನಿತಾ ಹೇಳಿದರೂ ಅವರು ಆ ಕಡೆ ನೋಡುವುದಿಲ್ಲ. ಹೋದ ಸಲವೂ ಸರಿಯಾಗಿತ್ತಲ್ಲ, ಮೇಲಿಂದ ಮೇಲೆ ಕೆಡುವುದು ಯಾಕೆ ಎಂದು ನಿಲೋಫರ್ ಅವರನ್ನೇ ಕೇಳುತ್ತಾರೆ.

ಬಾಗಿಲ ಮರೆಯಲ್ಲಿ ಕಸ್ತೂರೆವ್ವ ಸೆರಗಿನ ಅಂಚು ಹಿಡಿದು ನಿಂತಿದ್ದಾರೆ. ಈಗ ಹೆಸರು ಬಂದರೆ ಗಂಡನ ಮುಂದೆ, ಹೊರಗಿನ ಡ್ರೈವರನ ಮುಂದೆ, ಸೊಸೆಯ ಮುಂದೆ ತಲೆ ತಗ್ಗಿಸಬೇಕು. ನಿಲೋಫರ್ ಆ ಕಡೆ ತಿರುಗುವುದಿಲ್ಲ.

“ಒಳಗ ಕಡ್ಡಿ ಸರದಿತ್ರಿ. ಹೋದ ಸಲನ ನಾ ಸರಿಯಾಗಿ ನೋಡಬೇಕಿತ್ತು. ತಪ್ಪ ನಂದ.”

ಕಾರಣ ತಿಳಿಯಲು ಮೂರು ಸಲ ಬರಬೇಕಾಯಿತೇ ಎನ್ನುತ್ತಾರೆ ಶಂಭುಲಿಂಗಪ್ಪ. ನಾಳೆ ಮತ್ತೆ ಸರಿದರೆ ಮಂದಿಗೆ ಏನು ಉತ್ತರ ಕೊಡುವುದು ಎಂದು ಕೇಳುತ್ತಾರೆ. ಎತ್ತಿಕೋ ಎಂದು ಡ್ರೈವರನಿಗೆ ಕೈ ಮಾಡುತ್ತಾರೆ. ನಿಲೋಫರ್ ಪಾನಾ, ಸ್ಕ್ರೂಡ್ರೈವರ್ ಒಂದೊಂದಾಗಿ ಚೀಲಕ್ಕೆ ಹಾಕತೊಡಗುತ್ತಾರೆ. ಡ್ರೈವರ್ ಓವನ್ನಿನ ಕಡೆ ಬಗ್ಗುತ್ತಾನೆ.

“ಮುಟ್ಟಬ್ಯಾಡ, ಕಾದೈತಿ” ಎನ್ನುತ್ತಾರೆ ಕಸ್ತೂರೆವ್ವ. ಮರೆಯಿಂದ ಹೊರಗೆ ಬಂದು ಓವನ್ನಿನ ಮುಂದೆ ನಿಲ್ಲುತ್ತಾರೆ. “ಈಕಿ ಸುಳ್ಳ ಹೇಳಾಕತ್ತಾಳ. ಕಡ್ಡಿ ಸರಿಸಿದಾಕಿ ನಾನು. ಅಮಾಸಿ ಪೂಜಾ ಮಾಡೂ ಮುಂದ ನನ್ನ ಬೆರಳ ಬಡದಾವು. ಕಳಸೂದಾದ್ರ ನನ್ನೂ ಇದರ ಜೋಡಿ ಟೆಂಪೋದಾಗ ಹಾಕಿ ಕಳಸ್ರಿ.”

ಡ್ರೈವರ್ ತಲೆ ಕೆರೆದುಕೊಂಡು, “ಎರಡಕ್ಕೂ ಜಾಗ ಇಲ್ರಿ ಕಾಕಾ” ಎನ್ನುತ್ತಾನೆ. ಸುಶೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಶಂಭುಲಿಂಗಪ್ಪ ಹೆಂಡತಿಯನ್ನು ನೋಡುತ್ತಾರೆ. ಆಮೇಲೆ ಮುಂದೆ ಬಂದು, ಬಗ್ಗಿ, ಓವನ್ನಿನ ಬಾಗಿಲ ಹತ್ತಿರ ಅಂಗೈ ಹಿಡಿಯುತ್ತಾರೆ. ಚಳಿಗೆ ಕೈ ಕಾಯಿಸಿಕೊಳ್ಳುವವರಂತೆ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿರುತ್ತಾರೆ. “ಜೋಳದ ಚೀಲ ಹೇರು ಹೋಗು” ಎಂದು ಡ್ರೈವರನಿಗೆ ಹೇಳಿ ಅವನ ಹಿಂದೆಯೇ ಹೊರಟುಹೋಗುತ್ತಾರೆ.

ಸುಶೀಲವ್ವನ ಹಿಟ್ಟಿನ ಮೊದಲ ಟ್ರೇ ಒಳಗೆ ಹೋಗುತ್ತದೆ. ನಿಲೋಫರ್ ಕೂಡುವುದಿಲ್ಲ. ನಾನಖಟಾಯಿ ಬೆಂದು ಹೊರಬರುವ ತನಕ ಓವನ್ನಿನ ಸುತ್ತ, ಹಿತ್ತಿಲ ಬಾಗಿಲ ತನಕ, ತಿರುಗಿ ಓವನ್ನಿನ ಹತ್ತಿರ. ಒಂದನ್ನು ಕೈಗೆ ಕೊಟ್ಟಾಗ ತಿನ್ನುವ ಮೊದಲು ತಿರುವಿ ತಳ ನೋಡುತ್ತಾರೆ. ಬಣ್ಣ ಎಲ್ಲ ಕಡೆ ಒಂದೇ ಸಮ ಇದೆ. ಆಮೇಲೆ ತಿನ್ನುತ್ತಾರೆ.

ಅಷ್ಟರಲ್ಲಿ ಸಂಶಿಯಿಂದ ಫೋನ್ ಬಂದಿದೆ, ಒಂದು ಒಲೆ ಹತ್ತುತ್ತಿಲ್ಲವಂತೆ. ಹೊರಗೆ ಸ್ಕೂಟರಿನ ತನಕ ಸುನಿತಾ ಬರುತ್ತಾರೆ. ಹೀಗೆ ಊರೂರು ಅಲೆಯುವ ಬದಲು ಕುಂದಗೋಳದಲ್ಲೇ ಒಂದು ಅಂಗಡಿ ಹಾಕಬಾರದೇ, ಮಂದಿಯೇ ಒಲೆ ತಂದುಕೊಡುತ್ತಾರಲ್ಲ ಎನ್ನುತ್ತಾರೆ. ನಿಲೋಫರ್ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಅಡುಗೆಕೋಣೆಯ ಕಿಟಕಿಯ ಕಡೆ ನೋಡುತ್ತಾರೆ.

“ಅಂಗಡಿಗೆ ತಂದ್ರ ಕಡ್ಡಿ ಬಗ್ಗೇತಿ ಅನ್ನೂದಷ್ಟ ಕಾಣತೈತ್ರಿ ಅಕ್ಕಾರ. ಯಾರ ಬೆರಳ ಅನ್ನೂದು ಮನಿಗೆ ಬಂದ್ರನ ಕಾಣೂದು.”