ಕಲಿತ ಗಂಟೆಗಳ ಕೂಲಿ

2023ರ ಡಿಸೆಂಬರ್ 11, ಸೋಮವಾರ. ಆಧಾರ: ನನ್ನ ಮೇಜಿನ ದಿನಚರಿ. ಆ ಪುಟದಲ್ಲಿರುವುದು ಒಂದೇ ಸಾಲು: ‘ಗೋಣಿಬೀಡಿನಾಚೆ ತೋಟ. ಹಣ್ಣು ಕುಯ್ಯುವ ತರಬೇತಿ. ಎಂಟರಿಂದ ಒಂದು.’ ಉಳಿದದ್ದು ನೆನಪಿನಿಂದ ಬರೆಯುತ್ತಿರುವುದು. ಸೇವಾವಧಿಯನ್ನೆಲ್ಲ ಕಾಫಿ ಗಿಡದ ರೋಗಗಳ ಅಧ್ಯಯನದಲ್ಲಿ ಕಳೆದವನು ನಾನು. ತಾರೀಖು ತಾಳೆಯಾಗದ ಹೇಳಿಕೆಯನ್ನು ನಂಬುವ ಅಭ್ಯಾಸವಿಲ್ಲ, ಹೇಳಿಕೆ ನನ್ನದೇ ಆದರೂ.

ತೋಟ ನನ್ನ ಹೆಂಡತಿಯ ತಮ್ಮನದು. ಆ ವರ್ಷ ಅವನಿಗೆ ವಿದೇಶದ ಖರೀದಿದಾರನೊಬ್ಬ ಗಂಟುಬಿದ್ದಿದ್ದ. ಒಂದೂ ಹಸಿರು ಕಾಯಿ ಬೆರೆಯದ, ಪೂರ್ತಿ ಕೆಂಪಾದ ಅರೇಬಿಕಾ ಹಣ್ಣಿನ ಕಾಫಿಯಷ್ಟೇ ಆತನಿಗೆ ಬೇಕು. ಕುಯ್ಯುವವರಿಗೆ ಮೂರು ದಿನ ತರಬೇತಿ ಆಗಿದೆಯೆಂದು ತಜ್ಞನೊಬ್ಬ ಸಹಿ ಹಾಕಿದ ಪತ್ರವೂ ಬೇಕು. ತಜ್ಞನಿಗಾಗಿ ದೂರ ಹುಡುಕಬೇಕಾಗಿರಲಿಲ್ಲ. ಶಾಲು ಹೊದಿಸಿ ದುಡ್ಡಿನ ಕವರು ಕೊಟ್ಟರೆ ಬರುವ ಭಾವ, ಅಂದರೆ ನಾನು, ಮೂಡಿಗೆರೆಯಲ್ಲೇ ಇದ್ದೆ.

ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಆಳುಗಳು ಅವಸರಕ್ಕೆ ಕಾಯಿ, ಹಣ್ಣು ಎರಡನ್ನೂ ಸವರಿಬಿಡುತ್ತಾರೆ. ಹಾಗಾಗಿ ಆ ಖರೀದಿದಾರನ ಈ ಒಂದು ಲಾಟಿನ ಮಟ್ಟಿಗೆ ಅವನು ಗಂಟೆ ಲೆಕ್ಕದ ಕೂಲಿ ಗೊತ್ತುಮಾಡಿದ್ದ. ಗಂಟೆ ಎಲ್ಲಿಂದ ಶುರುವಾಗುತ್ತದೆಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಣದಲ್ಲಿ ಹೆಂಗಸರನ್ನು ಕೂರಿಸಿದ್ದರು. ನಾನು ಹಣ್ಣಿನ ಬಣ್ಣ, ತೊಟ್ಟು ಮುರಿಯದಂತೆ ತಿರುವಿ ಬಿಡಿಸುವ ಕ್ರಮ, ಮುಂದಿನ ವರ್ಷದ ಮೊಗ್ಗಿಗೆ ಆಗುವ ಪೆಟ್ಟು ಇವನ್ನೆಲ್ಲ ಹೇಳಿದೆ. ಅವರಿಗೆ ಅದರಲ್ಲಿ ಹೊಸತು ಹೆಚ್ಚೇನೂ ಇರಲಿಲ್ಲ; ತಾಳ್ಮೆಯಿಂದ ಆಕಳಿಸಿದರು. ಬಳಿಕ ‘ಅಭ್ಯಾಸ’ಕ್ಕೆಂದು ಮೇಸ್ತ್ರಿ ಅವರ ಸೊಂಟಕ್ಕೆ ಬುಟ್ಟಿ ಕಟ್ಟಿಸಿ ಗಿಡಗಳ ಸಾಲಿಗೆ ಇಳಿಸಿದ. ಹನ್ನೊಂದರಿಂದ ಒಂದರವರೆಗೆ ಅಭ್ಯಾಸ ನಡೆಯಿತು. ಬುಟ್ಟಿಗಳು ತುಂಬಿದವು. ಆ ಹಣ್ಣೆಲ್ಲ ನೇರ ಪಲ್ಪರಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಸಿಪ್ಪೆ ಬಿಡಿಸುವ ಆ ಯಂತ್ರದ ಸದ್ದು ಕೇಳಿಸದಿರಲು ಸಾಧ್ಯವೂ ಇರಲಿಲ್ಲ.

ಊಟದ ಹೊತ್ತಿಗೆ ಮೇಸ್ತ್ರಿ ಹೇಳಿದ: “ಕೂಲಿ ಗಂಟೆ ಎರಡರಿಂದ ಶುರು ಕಣ್ರವ್ವಾ. ಬೆಳಿಗ್ಗೆದು ಟ್ರೈನಿಂಗು.”

ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬಳು, ಕಳಸದ ಕಡೆಯವಳು, ಗಂಡ ಬಿಟ್ಟುಹೋದ ಮೇಲೆ ಕೆಲಸದ ಜೊತೆಗೆ ಸಿಕ್ಕಿದ್ದ ಒಂದು ಕೋಣೆಯಲ್ಲಿ ತಾಯಿಯೊಂದಿಗೆ ಇದ್ದವಳು, ತಟ್ಟೆ ಕೆಳಗಿಟ್ಟಳು. “ಗೌಡ್ರೇ, ಬೆಳಿಗ್ಗೆ ಕುಯ್ದಿದ್ದು ಲೆಕ್ಕಕ್ಕಿಲ್ವಾ?”

ಪಲ್ಪರಿನ ಬಳಿ ನಿಂತಿದ್ದ ನನ್ನ ಭಾವಮೈದುನ ತಿರುಗಿ ನೋಡದೆಯೇ ಉತ್ತರಿಸಿದ: “ಸ್ಕೂಲಿಗೆ ಹೋದೋರಿಗೆ ಯಾರಾದ್ರೂ ಸಂಬ್ಳ ಕೊಡ್ತಾರೇನೇ?”

“ಸ್ಕೂಲಲ್ಲಿ ಮಕ್ಳ ಕೈಲಿ ಕಾಫಿ ಕುಯ್ಸಿ ಮಾಷ್ಟ್ರು ಮಾರ್ಕೊಳ್ತಾರಾ ಗೌಡ್ರೇ?”

ಹೆಂಗಸರು ಸೆರಗಿಗೆ ಬಾಯಿ ಒತ್ತಿಕೊಂಡು ನಕ್ಕರು. ಮೇಸ್ತ್ರಿಯೂ ಮುಖ ತಿರುಗಿಸಿ ಕೆಮ್ಮಿದ. ಭಾವಮೈದುನ ನಗಲಿಲ್ಲ. ನಾಲ್ಕು ತಲೆಮಾರಿನಿಂದ ಆ ಕಣದಲ್ಲಿ ನಗುವ ಹಕ್ಕು ಒಂದೇ ಮನೆತನದ್ದು. ಅದನ್ನು ಕೂಲಿಯವಳು ಎತ್ತಿಕೊಂಡದ್ದು ಅವನಿಗೆ ಬೆಳಗಿನ ಅಷ್ಟೂ ಗಂಟೆಗಳ ಕೂಲಿಗಿಂತ ದುಬಾರಿಯಾಗಿ ಕಂಡಿತು.

ಮಂಗಳವಾರ ಅವಳು ಪಾಠಕ್ಕೆ ಬರಲಿಲ್ಲ. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕೆಲಸಕ್ಕೆ ಬಂದಳು. ಮೇಸ್ತ್ರಿ ಬುಟ್ಟಿ ಕೊಡಲಿಲ್ಲ. “ಟ್ರೈನಿಂಗಿಗೆ ಬರ್ದೋರ್ಗೆ ಬುಟ್ಟಿ ಇಲ್ಲ. ಶನಿವಾರದೊಳ್ಗೆ ರೂಮೂ ಖಾಲಿ ಮಾಡ್ಬೇಕಂತೆ. ನನ್ನ ಬೈಬೇಡ, ಗೌಡ್ರು ಹೇಳಿದ್ದು.” ಅವಳು ಅವನನ್ನು ಬೈದಳು. ನನ್ನನ್ನೂ ಒಮ್ಮೆ ನೋಡಿದಳು. ನನ್ನ ಹೆಗಲ ಮೇಲೆ ಹಿಂದಿನ ದಿನ ಹೊದಿಸಿದ್ದ ಶಾಲು ಇತ್ತು. ಚಳಿಗೆ ಹೊದ್ದುಕೊಂಡಿದ್ದೆ, ಮರ್ಯಾದೆಗಲ್ಲ.

ಅಂದು ಸಂಜೆ ಬಂಗಲೆಯ ಜಗಲಿಯಲ್ಲಿ ನಾನು ಅವನೊಡನೆ ಜಗಳಕ್ಕೆ ನಿಂತೆ.

“ಬರ್ದಿದ್ರೆ ಬುಟ್ಟಿ ಇಲ್ಲ, ರೂಮಿಲ್ಲ ಅಂದ್ಮೇಲೆ ಅದು ಅವ್ರ ಇಷ್ಟದ ಪಾಠ ಹೆಂಗಾಯ್ತು ಮಾರಾಯ?”

“ಭಾವ, ಲೆಕ್ಕದ ಪ್ರಕಾರ ಅವ್ರೇ ನಂಗೆ ಫೀಸು ಕೊಡ್ಬೇಕು. ಕಲ್ತಿದ್ದು ಅವ್ರ ಕೈಯಲ್ಲೇ ಇರತ್ತಲ್ಲ. ನಾಳೆ ಬೇರೆ ತೋಟಕ್ಕೆ ಹೋದ್ರೆ ನನ್ ಖರ್ಚಲ್ಲಿ ಕಲ್ತಿದ್ದು ಆ ತೋಟದೋನಿಗೆ ಲಾಭ.”

“ಕೆಂಪು ಹಣ್ಣು ಮಾತ್ರ ಬಿಡಿಸೋ ಹುಚ್ಚು ನಿನ್ನ ಖರೀದಿದಾರಂದು. ಬೇರೆ ಯಾವ ತೋಟದಲ್ಲಿ ಅದಕ್ಕೆ ಬೆಲೆ ಇದೆ ಹೇಳು. ನಿನ್ನ ಕೆಲಸಕ್ಕೆ ನೀನು ಕಲ್ಸ್ತಿದೀಯ, ಕೆಲಸದ ಹೊತ್ನಲ್ಲೇ ಕಲ್ಸ್ತಿದೀಯ.”

“ನಿಮ್ಗೇನು, ತಿಂಗ್ಳು ತಿಂಗ್ಳು ಪೆನ್ಷನ್ ಬೀಳತ್ತೆ. ನ್ಯಾಯ ಮಾತಾಡ್ಬೋದು.”

ಮಾತು ನಿಜವಾಗಿತ್ತು, ಅದಕ್ಕೇ ನನ್ನ ಸಿಟ್ಟು ಹೆಚ್ಚಿತು. ಸರ್ಕಾರಿ ಕೆಲಸದಲ್ಲಿ ನನ್ನನ್ನು ಎಷ್ಟು ಸಲ ತರಬೇತಿಗೆ ಕಳುಹಿಸಿದ್ದಾರೋ, ಅಷ್ಟೂ ಸಲ ಸಂಬಳ ಬಂದಿದೆ, ದಿನಭತ್ಯೆ ಬಂದಿದೆ, ಊಟದ ನಂತರದ ಪಾಠಗಳಲ್ಲಿ ನಿದ್ದೆಯೂ ಬಂದಿದೆ. ಆ ನಿದ್ದೆಗೂ ಸರ್ಕಾರ ದುಡ್ಡು ಕೊಟ್ಟಿದೆ. ನಮ್ಮಂಥವರು ಕಲಿತರೆ ಅದು ಸೇವೆ, ಅವರು ಕಲಿತರೆ ಉಪಕಾರ. ಈ ಬೆಟ್ಟಸೀಮೆಯ ವಿದ್ಯಾವಂತರು ಕೂಲಿಯ ಮಾತು ಬಂದಾಗಲೆಲ್ಲ ತೋರುವ ಈ ಜಾಣತನವನ್ನು ನಾನು ಬಾಲ್ಯದಿಂದ ಬಲ್ಲೆ. ಅದಕ್ಕೆ ನನ್ನಲ್ಲಿ ಸಹನೆ ಉಳಿದಿಲ್ಲ.

ಅವನನ್ನು ಸಿಕ್ಕಿಹಾಕಿಸಿದ್ದು ನನ್ನ ವಾದವಲ್ಲ, ಪ್ಲಾಂಟರನ ಹುಟ್ಟುಗುಣ. ಹಣ್ಣಾದ ಕಾಫಿಯನ್ನು ಹಾಳುಮಾಡಲು ಯಾವ ಪ್ಲಾಂಟರನಿಗೂ ಕೈ ಬಾರದು. ಜಗಲಿಯಿಂದ ಕಾಣುವಂತಿದ್ದ ತೊಟ್ಟಿಯಲ್ಲಿ, ಸೋಮವಾರ ಪಲ್ಪರಿನಿಂದ ಬಂದ ಬೀಜವನ್ನು ಹುಳಿ ಬರಲು ಬಿಟ್ಟಿದ್ದರು. ತೊಟ್ಟಿಯ ಅಂಚಿಗೆ, ಖರೀದಿದಾರನ ನಿಯಮದಂತೆ, ಹಣ್ಣು ಕುಯ್ದ ದಿನ, ಹೊತ್ತು ಬರೆದ ಚೀಟಿ ಸಿಕ್ಕಿಸಿದ್ದರು.

“ಅದ್ರಲ್ಲಿ ಏನು ಬರ್ದಿದೆ ಓದು.”

ಅವನು ಓದಲಿಲ್ಲ. ನಾನೇ ಇಳಿದು ಹೋಗಿ ಓದಿದೆ. ಹನ್ನೊಂದನೇ ತಾರೀಖು, ಬೆಳಿಗ್ಗೆ.

“ಕುಯ್ದ ಹಣ್ಣು ಚೆಲ್ಲಕ್ಕಾಗತ್ತಾ ಭಾವ?”

“ಚೆಲ್ಲಿದ್ರೆ ಪಾಠ ಅನ್ಬೋದಿತ್ತು. ಪಲ್ಪರಿಗೆ ಹಾಕ್ದೆ, ಅಲ್ಲಿಗೆ ಕೆಲಸ ಆಯ್ತು. ಹೇಳಿಕೊಟ್ಟವ್ನಿಗೆ ಕವರು, ಕುಯ್ದುಕೊಟ್ಟವ್ರಿಗೆ ಆಕಳಿಕೆನಾ?” ಕವರನ್ನು ಜಗಲಿಯ ಮೇಲಿಟ್ಟೆ. “ಪಾಠದ ಗಂಟೆಗಳೂ ಹಾಜರಿಗೆ ಏರ್ಬೇಕು. ಅವಳಿಗೆ ಬುಟ್ಟಿ, ರೂಮು ಎರಡೂ ವಾಪಸ್ಸು. ಇಲ್ದಿದ್ರೆ ನಿನ್ ಪತ್ರಕ್ಕೆ ನನ್ ಸಹಿ ಇಲ್ಲ. ಖರೀದಿದಾರ ಕೇಳಿದ್ರೆ ಯಾಕಿಲ್ಲ ಅಂತ್ಲೂ ಹೇಳ್ತೀನಿ.”

“ನಮ್ಮನೆ ಅಳಿಯ ಅಂತ ಕರ್ದಿದ್ದೇ ತಪ್ಪಾಯ್ತು,” ಎಂದ ಅವನು. ಆಮೇಲೆ ಮೇಸ್ತ್ರಿಯನ್ನು ಕೂಗಿ, ನನ್ನ ಮುಖ ನೋಡದೆ, ನಾನು ಹೇಳಿದ್ದನ್ನೆಲ್ಲ ಮಾಡುವಂತೆ ಹೇಳಿದ. ಅಕ್ಕನ ಮನೆಗೆ ಪ್ರತಿ ವರ್ಷ ಬರುತ್ತಿದ್ದ ಕಾಳುಮೆಣಸಿನ ಚೀಲ ಅಂದಿನಿಂದ ಬಂದಿಲ್ಲ. ಹೆಂಡತಿ ಈಗ ಅಂಗಡಿಯಿಂದ ತರುತ್ತಾಳೆ, ಪ್ರತಿ ಸಲವೂ ಬೆಲೆಯನ್ನು ನನಗೆ ಕೇಳಿಸುವಂತೆ ಹೇಳುತ್ತಾಳೆ.

ಬುಧವಾರ, 13ನೇ ತಾರೀಖು, ಮೂರನೆಯ ಪಾಠ. ಅಂದಿನ ಒಂದು ಚಿತ್ರ ನನ್ನಲ್ಲಿ ಚ್ಯುತಿಯಿಲ್ಲದೆ ಉಳಿದಿದೆ. ಸಾಲಿನ ಮೊದಲ ಗಿಡದ ಬಳಿ ಅವಳು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ನಿಂತಿದ್ದಾಳೆ. ಅರ್ಧ ಕೆಂಪು, ಅರ್ಧ ಹಳದಿಯಾದ ಹಣ್ಣೊಂದನ್ನು ನನ್ನ ಮೂಗಿನ ಹತ್ತಿರ ಹಿಡಿದು ಕೇಳುತ್ತಾಳೆ: “ಇದು ಪಾಸಾ, ಫೇಲಾ ಸಾರ್?” ನಾನು ಫೇಲು ಎನ್ನುತ್ತೇನೆ. “ಹಂಗಾದ್ರೆ ಗೌಡ್ರಿಗೇ ಕೊಡ್ತೀನಿ,” ಎಂದು ಅವಳು ನಗುತ್ತಾಳೆ. ಇಷ್ಟು ದಿನ ಈ ಜಗಳವನ್ನು ಗೆದ್ದೆನೆಂದು ಹೇಳಿಕೊಳ್ಳುವ ಧೈರ್ಯ ನನಗೆ ಬಂದದ್ದು ಆ ನಗುವಿನಿಂದ.

ಇಷ್ಟು ಬರೆದ ಮೇಲೆ ಮೇಸ್ತ್ರಿಯನ್ನು ಕೇಳಿ ತೋಟದ ಹಾಜರಿ ಪುಸ್ತಕ ನೋಡಿದೆ. 11, 12, 13 ಮೂರೂ ದಿನ ಪಾಠದ ಗಂಟೆಗಳನ್ನು ಎಲ್ಲರ ಹೆಸರಿನ ಮುಂದೆ ಬೇರೆ ಶಾಯಿಯಲ್ಲಿ ಸೇರಿಸಿದ್ದಾರೆ. ಹಣ ಪಡೆದವರ ಸಹಿಗಳಿವೆ. ಅವಳ ಸಾಲಿನಲ್ಲಿ 11ರ ಗಂಟೆಗಳಿವೆ. 12ಕ್ಕೆ ಗೈರು, 13ಕ್ಕೂ ಗೈರು. ಅನಂತರ ಹೆಸರೇ ಇಲ್ಲ. ಮೇಸ್ತ್ರಿ ಹೇಳುವಂತೆ, ಮಂಗಳವಾರ ರಾತ್ರಿ ಬುಟ್ಟಿ ವಾಪಸ್ಸು ಕೊಡಲು ಅವನು ಲೈನಿಗೆ ಹೋದಾಗ ಕೋಣೆಯ ಬಾಗಿಲು ತೆರೆದೇ ಇತ್ತು. ತಾಯಿ, ಮಗಳು, ಹಾಸಿಗೆ ಸುರುಳಿ ಸಂಜೆಯ ಕಳಸದ ಬಸ್ಸಿನಲ್ಲಿ ಹೋಗಿಯಾಗಿತ್ತು. ನಾನು ಜಗಲಿಯಲ್ಲಿ ವಾದಿಸುತ್ತಿದ್ದ ಹೊತ್ತಿಗೆ.

ಹಾಗಿದ್ದರೆ ಆ ಹಣ್ಣು, ಆ ನಗು ಸೋಮವಾರದ್ದಿರಬೇಕು, ಜಗಳಕ್ಕೆ ಮುಂಚಿನದು. 11ನೇ ತಾರೀಖಿನ ಅವಳ ಗಂಟೆಗಳ ಮುಂದೆ ಸಹಿಯ ಜಾಗ ಖಾಲಿಯಿದೆ.