ಬೇಸಿಗೆಯಲ್ಲಿ ಕಡೆದ ಮುಚ್ಚಳ

ನನ್ನ ಕೈ ಅವಸರದ ಕೈ. ಇದು ನನ್ನ ಮಾತಲ್ಲ, ಅತ್ತೆಯ ಮಾತು, ಅದೂ ದಿನಕ್ಕೆ ನಾಲ್ಕು ಸಲ. ನನಗೆ ಅಕ್ಷರ ಬಾರದು. ನಾನು ಹೇಳುತ್ತ ಹೋದಂತೆ ಮೊಮ್ಮಗಳು ಬರೆದುಕೊಳ್ಳುತ್ತಾಳೆ, ಬರೆಯುತ್ತ ಪುಸ್ತಕದ ಕನ್ನಡಕ್ಕೆ ತಿದ್ದುತ್ತಾಳೆ. ತಿದ್ದಲಿ. ಮನೆಯವರು ಆಡಿದ ಮಾತನ್ನು ಮಾತ್ರ ಮುಟ್ಟಬೇಡ ಎಂದು ಹೇಳಿದ್ದೇನೆ.

ಅದು ನಿಜಾಮರ ಕಾಲ. ನಮ್ಮ ಭಾಲ್ಕಿಗೆ ಇನ್ನೂ ರೈಲು ಬಂದಿರಲಿಲ್ಲ. ನನ್ನ ಗಂಡ ಖರಾದದ ಮೇಲೆ ಕಟ್ಟಿಗೆ ತಿರುಗಿಸಿ, ಕಡೆದು, ಮುಚ್ಚಳದ ಸಣ್ಣ ಡಬ್ಬಿಗಳನ್ನು ಮಾಡುತ್ತಿದ್ದರು. ಕುಂಕುಮದ್ದು, ಸುಣ್ಣದ್ದು, ಕಣ್ಣಿಗೆ ಹಚ್ಚುವ ಸುರ್ಮಾದ್ದು, ಎಲ್ಲ ಬೀದರಿನ ಅಂಗಡಿಗಳಿಗೆ ಹೋಗುತ್ತಿದ್ದವು. ಖರಾದಕ್ಕೆ ಇಬ್ಬರು ಬೇಕು. ಒಬ್ಬರು ಉಳಿ ಹಿಡಿದರೆ ಇನ್ನೊಬ್ಬರು ಎದುರು ಕೂತು, ದಿಂಡಿಗೆ ಸುತ್ತಿದ ಹಗ್ಗದ ಎರಡು ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆಯಬೇಕು. ಬಲಗೈ ಎಳೆದಾಗ ಕಟ್ಟಿಗೆ ಉಳಿಯ ಕಡೆಗೆ ತಿರುಗುತ್ತದೆ, ಆಗ ಕಡೆಯಬೇಕು. ಎಡಗೈ ಎಳೆದಾಗ ಹಿಂದಕ್ಕೆ ತಿರುಗುತ್ತದೆ, ಆಗ ಉಳಿ ಸುಮ್ಮನಿರಬೇಕು. ಎಳೆಯುವವರ ಲಯ ತಪ್ಪಿತೋ, ಉಳಿ ಕಚ್ಚಿ ಡಬ್ಬಿ ಹಾಳು.

ಮಾವ ಇದ್ದಾಗ ಅವರ ಎದುರು ಕೂತು ಹಗ್ಗ ಎಳೆದವರು ಅತ್ತೆ. ಮಾವ ತೀರಿದ ಮೇಲೆ ಮಗನಿಗೂ ಎಳೆದರು. ನಾನು ಸೊಸೆಯಾಗಿ ಬಂದ ವರ್ಷ ಹಗ್ಗವನ್ನು ನನ್ನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಹೋಗಿ ಕೂತರು. ಕೂತರೇನು, ಕಿವಿಯೆಲ್ಲ ಇತ್ತಲೇ.

"ಹಂಗ್ಯಾಕ ಎಳೀತಿ? ಹಿಂದ ಹುಲಿ ಬೆನ್ನ ಹತ್ಯಾದೇನು?" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದಿತ್ತು: "ನಿಮ್ಮ ಮಾವ ಮಾಡಿದ ಡಬ್ಬಿ ತಗದ್ರ ಟಪ್ ಅಂತಿತ್ತು. ಈಗಿನವೆಲ್ಲ ಮೂಕ ಡಬ್ಬಿ." ಉಳಿ ಹಿಡಿದವನು ಅವರ ಮಗ, ಆದರೆ ಆ ಮಾತು ಬೀಳುತ್ತಿದ್ದುದು ಹಗ್ಗ ಹಿಡಿದ ನನ್ನ ಮೇಲೆ. ಮೈಯೆಲ್ಲ ಉರಿಯುತ್ತಿತ್ತು.

ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಉಳ್ಳವರಿಗೆ ಬೆಳ್ಳಿಯ ಕರಡಿಗೆ, ನಮಗೆ ಕಟ್ಟಿಗೆಯದು. ದಿನಾ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅತ್ತೆ ನೀರೂ ಮುಟ್ಟುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ, ಮಾವ ಮಾಡಿಕೊಟ್ಟಿದ್ದ, ಸವೆದು ಎಂದೋ ಮೂಕವಾಗಿದ್ದ ಅವರ ಹಳೆಯ ಕರಡಿಗೆ ಸೀಳು ಬಿಟ್ಟಿತು. ಹೊಸದನ್ನು ಮಾಡಲು ನನ್ನ ಗಂಡ ಔರಾದದ ಕಡೆಯಿಂದ ಬರುವ ಬಂಡಿಯಲ್ಲಿ ಪತ್ರಿ, ಅಂದರೆ ಬಿಲ್ವದ ಮರದ ಕೊಂಬೆಯೊಂದನ್ನು ತರಿಸಿದರು. ಠಾಣಾ ಕುಶನೂರಿನಲ್ಲಿ, ಅತ್ತೆಯ ತವರಿನ ಹೊಲದಲ್ಲಿ, ಗಾಳಿಗೆ ಮುರಿದು ಬಿದ್ದಿದ್ದ ಕೊಂಬೆ ಅದು. ಪತ್ರಿ ಮರ ಪೂಜೆಗೆ ಎಷ್ಟು ಒಳ್ಳೆಯದೋ ಖರಾದಕ್ಕೆ ಅಷ್ಟೇ ಹಟಮಾರಿ. ಬಿಸಿಲಿಗೆ ಕುಗ್ಗುತ್ತದೆ, ಮಳೆಗೆ ಹಿಗ್ಗುತ್ತದೆ.

ಅದಕ್ಕೇ ಬೇಸಿಗೆಯಲ್ಲಿ ಮುಚ್ಚಳ ಕಡೆಯುವಾಗ ಕೂದಲೆಳೆಯಷ್ಟು ಸಡಿಲ ಬಿಡಬೇಕು, ಬಿಟ್ಟರೆ ಟಪ್ ಎನ್ನುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅದನ್ನೇ ಹೇಳಲು ಹೊರಟಿರುವುದು.

ಕಡೆದು ಕಡೆದು ಮುಚ್ಚಳ ಕೂರುವ ಹೊತ್ತಿಗೆ ನನ್ನ ಗಂಡ, "ಇನ್ನೊಂದು ಸುತ್ತು ಎಳಿ, ತುಸು ಸಡಲ ಆಗ್ಲಿ" ಅಂದರು. ನಾನು ಹಗ್ಗ ಕೆಳಗಿಟ್ಟೆ.

"ಸಾಕ್ರಿ. ಹಾಕಿ ತಗದು ನೋಡ್ರಿ."

ಹಾಕಿ ತೆಗೆದರು. ಟಪ್!

ಕಟ್ಟೆಯ ಮೇಲಿದ್ದ ಅತ್ತೆಯ ತಲೆ ತಟ್ಟನೆ ಇತ್ತ ಹೊರಳಿತು. ನನಗೆ ಹಬ್ಬವಾದಂತಾಯಿತು.

"ಮಳಿಗಾಲದಾಗ ಹಿಡಕೋತದ, ಹುಚ್ಚಿ," ಎಂದರು ಗಂಡ, ದನಿ ತಗ್ಗಿಸಿ.

"ಹಿಡದಾಗ ನೋಡೋಣು ಬಿಡ್ರಿ. ಒಂದ್ ಸಲರೇ ಅವರ ಬಾಯಿ ಮುಚ್ಚಲಿ."

ಅವರು ಮೆತ್ತನೆಯ ಮನುಷ್ಯ. ಉಳಿ ಕೆಳಗಿಟ್ಟುಬಿಟ್ಟರು. ಅತ್ತೆ ಕರಡಿಗೆಯನ್ನು ಕೈಗೆ ತೆಗೆದುಕೊಂಡು ಮೂರು ಸಲ ತೆಗೆದು ಮುಚ್ಚಿದರು. ಮೂರು ಸಲವೂ ಟಪ್. ಎದ್ದು ಒಳಗೆ ಹೋದರು. ಒಂದು ಒಳ್ಳೆಯ ಮಾತು ಆಡಿದ್ದರೆ ಗಂಟೇನು ಹೋಗುತ್ತಿತ್ತು? ಅವತ್ತು ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಶ್ರಾವಣ ಬಂತು. ಎಂಟು ದಿನ ಸೂರ್ಯನ ಮುಖ ಕಾಣಲಿಲ್ಲ. ಒಂದು ಬೆಳಿಗ್ಗೆ ಪೂಜೆಗೆ ಕೂತ ಅತ್ತೆ ಎಷ್ಟು ಹೊತ್ತಾದರೂ ಏಳಲಿಲ್ಲ. ಇಣುಕಿ ನೋಡಿದರೆ ಕರಡಿಗೆಯ ಜತೆ ಗುದ್ದಾಡುತ್ತಿದ್ದಾರೆ. ಮುಚ್ಚಳ ಜಗ್ಗಲೊಲ್ಲದು. ಓಡಿಹೋಗಿ ಗಂಡನನ್ನು ಕರೆತಂದೆ.

ಗಂಡ ತಿರುವಿ ನೋಡಿದರು, ಆಗಲಿಲ್ಲ. ಖರಾದಕ್ಕೆ ಏರಿಸಿ ಮುಚ್ಚಳವನ್ನು ಕಡೆದೇ ತೆಗೆಯೋಣವೆಂದರೆ ಲಿಂಗವನ್ನು ಮೈಯಿಂದ ಬಿಚ್ಚಿ ಕೊಡಬೇಕು. ಅದಂತೂ ಆಗದ ಮಾತು. ಉಳಿಯಿಂದ ಮೀಟುತ್ತೇನೆ ಎಂದಾಗ ಅತ್ತೆ ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡರು.

"ಉಳಿ ಜಾರಿ ಲಿಂಗಕ್ಕ ಪೆಟ್ಟು ಬಿತ್ತಂದ್ರ ನಾ ಇರೋದಿಲ್ಲ ನೋಡಪ್ಪ," ಎಂದರು. ಯಾವಾಗಲೂ ಕೂಗುವವರು ಅದನ್ನು ಮೆಲ್ಲಗೆ ಅಂದರು. ಅದಕ್ಕೇ ಹೆದರಿಕೆಯಾಯಿತು.

ಆ ದಿನವೆಲ್ಲ ಹನಿ ನೀರಿಲ್ಲ. ಸಂಜೆ ಮಠದ ಅಯ್ಯನವರನ್ನು ಕರೆಸಿದೆವು. "ಆಪತ್ಕಾಲ ಅದ ತಾಯಿ, ಕರಡಗಿಗೇ ಪೂಜಾ ಮಾಡಿ ಪ್ರಸಾದ ತಗೋರಿ," ಎಂದರು ಅವರು.

"ನಾ ಮುಚ್ಚಳಕ್ಕ ಪೂಜಾ ಮಾಡ್ಲೇನ್ರಿ ಅಯ್ಯನವರ?" ಎಂದರು ಅತ್ತೆ. ಅಯ್ಯನವರು ಎದ್ದು ಹೋದರು.

ಮರುದಿನ ಬೆಳಿಗ್ಗೆ ಅತ್ತೆಯ ತುಟಿಗಳು ಒಡೆದಿದ್ದವು, ಕಟ್ಟೆಯವರೆಗೆ ನಡೆಯಲೂ ಆಗಲಿಲ್ಲ. ನನಗೆ ತುತ್ತು ಇಳಿಯಲಿಲ್ಲ. ಒಂದು ಸಪ್ಪಳದ ಹಟಕ್ಕೆ ಈ ಮುದುಕಿಯನ್ನು ಕೊಲ್ಲುತ್ತಿದ್ದೇನಲ್ಲ ಎನಿಸಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆಮೇಲೆ ಒಲೆಯ ಮೇಲೆ ಹಂಚಿಟ್ಟು ಜೋಳ ಹುರಿದೆ. ಬಟ್ಟೆಯಲ್ಲಿ ಗಂಟು ಕಟ್ಟಿ, ಅತ್ತೆಯ ಪಕ್ಕ ಕೂತು, ಅವರ ಎದೆಯ ಮೇಲಿದ್ದ ಕರಡಿಗೆಯ ತೇವ ಆರಲಿ ಎಂದು ಅದಕ್ಕೆ ಕಾವು ಕೊಡತೊಡಗಿದೆ. ಕಾವು ಹೆಚ್ಚಾದರೆ ಕಟ್ಟಿಗೆ ಸೀಳುತ್ತದೆ, ಮುಚ್ಚಳ ಇನ್ನೂ ಬಿಗಿಯುತ್ತದೆ. ಕೈಗೆ ಹಿತವಾಗುವಷ್ಟೇ ಬೆಚ್ಚಗಿರಬೇಕು. ತಣ್ಣಗಾದರೆ ಇನ್ನೊಂದು ಗಂಟು. ಹೀಗೆ ಮಧ್ಯಾಹ್ನದವರೆಗೆ. ಮದುವೆಯಾಗಿ ಆರು ವರ್ಷದಲ್ಲಿ ನಾನು ಅವರ ಅಷ್ಟು ಹತ್ತಿರ ಕೂತದ್ದೇ ಇಲ್ಲ. ಅವರ ಎದೆ ಬಡಿತ ನನ್ನ ಅಂಗೈಗೆ ಗೊತ್ತಾಗುತ್ತಿತ್ತು.

"ಈಗ ಬರಬ್ಬರಿ ಅದ ನೋಡು ನಿನ್ನ ಕೈ," ಎಂದರು ಕಣ್ಣು ಮುಚ್ಚಿಕೊಂಡೇ. "ಅವಸರಿಲ್ಲ."

ನನಗೆ ತಡೆಯಲಾಗಲಿಲ್ಲ. "ಅತ್ತಿ, ತಪ್ಪು ನಂದ್ರಿ. ಅವರು ಸಡಲ ಮಾಡ್ತೇನಿ ಅಂದಿದ್ರು. ನಾನೇ ಬ್ಯಾಡಂದೆ."

"ಗೊತ್ತದ."

"ಯಾವಾಗಿಂದ್ರಿ?"

"ಅವತ್ತಿಂದನ. ಬ್ಯಾಸಗ್ಯಾಗ ಟಪ್ ಅಂದದ್ದು ಮಳಿಗಾಲದಾಗ ಹಿಡೀತದ. ಇಷ್ಟು ವರ್ಷ ಹಗ್ಗ ಎಳದಾಕಿಗಿ ಅಷ್ಟೂ ತಿಳಿಯೋದಿಲ್ಲೇನು?"

ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ನಾನು ಸತ್ತು ಸತ್ತು ಹುಟ್ಟಿದ್ದೆ! "ಮತ್ತ ಅವತ್ತೇ ಯಾಕ ಹೇಳಲಿಲ್ರಿ?"

"ಹೇಳಿದ್ರ ಸಡಲ ಮಾಡಿಬಿಡ್ತಿದ್ರಿ. ನಿಮ್ಮ ಮಾವ ಹೋದ ಮ್ಯಾಲ ಆ ಸಪ್ಪಳ ನನ್ನ ಕಿವಿಗಿ ಬಿದ್ದಿದ್ದಿಲ್ಲ. ಇರಲಿ ಬಿಡು ಅಂದೆ."

ನಾನು ಎದ್ದು ಹೋಗಿ ಹೊಸ ಗಂಟು ತಂದೆ. ಹೊತ್ತು ಇಳಿಯುವಾಗ ಅವರು ತಳ ಹಿಡಿದರು, ನಾನು ಮುಚ್ಚಳ ಹಿಡಿದು ಮೆಲ್ಲಗೆ ತಿರುವಿದೆ. ಟಪ್.

ಪೂಜೆ ಮುಗಿಸಿ ಅವರು ನೀರು ಕುಡಿದಾಗ ನಾನೂ ಕುಡಿದೆ. ಗಂಡ ಆಗಲೇ ಮುಚ್ಚಳ ಒಯ್ದು ಖರಾದಕ್ಕೇರಿಸಿದ್ದರು. ಹಗ್ಗ ಎಳೆದವಳು ನಾನೇ. ಒಂದೇ ಸುತ್ತು, ನಿಧಾನಕ್ಕೆ. ಅಲ್ಲಿಗೆ ಆ ಕರಡಿಗೆಯೂ ಮೂಕವಾಯಿತು. ಅಂದಿನಿಂದ ಅತ್ತೆ ಪೂಜೆಗೆ ಕೂತು ಮುಚ್ಚಳ ತೆಗೆಯುವಾಗ ನಾನು ಹತ್ತಿರದಲ್ಲಿದ್ದರೆ ನನ್ನ ಕಡೆ ನೋಡಿ ಬಾಯಿಂದಲೇ "ಟಪ್" ಎನ್ನುತ್ತಿದ್ದರು. ನಾನು ನಕ್ಕರೆ, "ನಗ್ತೀಯೇನು? ಹೋಗು, ಹಗ್ಗ ಎಳಿ," ಎಂದು ಗದರುತ್ತಿದ್ದರು.

ಒಂಬತ್ತು ವರ್ಷದ ಮೇಲೆ ಅವರು ತೀರಿಕೊಂಡರು. ಮಣ್ಣಿಗೆ ಕೊಡುವಾಗ ಲಿಂಗವನ್ನು ಅವರ ಅಂಗೈಯಲ್ಲಿಟ್ಟರು, ಬರಿದಾದ ಕರಡಿಗೆ ನನ್ನ ಕೈಗೆ ಬಂತು. ಮುಚ್ಚಿ ತೆಗೆದು ನೋಡಿದೆ. ಸಪ್ಪಳವಿಲ್ಲ. ಅಳುತ್ತಲೇ ನಾನು ಬಾಯಿಂದ "ಟಪ್" ಎಂದೆ. ಸುತ್ತ ನಿಂತಿದ್ದ ಹೆಂಗಸರು, ದುಃಖಕ್ಕೆ ಸೊಸೆಯ ತಲೆ ಕೆಟ್ಟಿದೆ ಎಂದು ಮಾತಾಡಿಕೊಂಡರು.